ಘಟ್ಟ ಇಳಿಯುವ ಮುನ್ನ ಬ್ರೇಕ್ ಆಯಿಲ್ ನೋಡಿ

ಬೇಸಿಗೆಯಲ್ಲಿ ಚಿಕ್ಕಮಗಳೂರಿನಿಂದ ಹೊರಟು, ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಕಡಲ ದಂಡೆ, ಒಳದಾರಿ ಸುತ್ತುವವರು ಮೊದಲು ನೋಡಬೇಕಾದ್ದು ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರುತ್ತದೆ. ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತುತ್ತಲೇ ಇದ್ದರೆ ಆ ನೀರು ಕಾದು ಆವಿಯಾಗಿ, ಪೆಡಲ್ ಮೆತ್ತಗೆ ಒಳಗೆ ಕುಸಿಯುತ್ತದೆ. 2 ವರ್ಷ ಆಗಿದ್ದರೆ ಬದಲಿಸಿ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 4 (ಆಯಿಲ್‌ನ ದರ್ಜೆ) ಎಂದಿದ್ದರೆ ಅದನ್ನೇ ಹಾಕಿಸಿ. ಇಳಿಯುವಾಗ ಎರಡು, ಮೂರನೇ ಗೇರಿನಲ್ಲೇ ಇರಿ. ನ್ಯೂಟ್ರಲ್ ಬೇಡವೇ ಬೇಡ.

ಇಂಜಿನ್ ತಂಪಾಗಿಡುವ ದ್ರವದ, ಅಂದರೆ ಕೂಲೆಂಟ್‌ನ, ಮುಚ್ಚಳವನ್ನು ಇಂಜಿನ್ ತಣ್ಣಗಿದ್ದಾಗ ಮಾತ್ರ ತೆಗೆಯಿರಿ. ಕುಡಿಯುವ ನೀರು ತಲೆಗೆ ದಿನಕ್ಕೆ 4 ಲೀಟರ್.

ವಾಹನ ಓಡಿಸಲು ಅನುಮತಿ ಇರುವ ಕಡೆ ಮರಳಿಗೆ ಇಳಿಯುವುದಾದರೆ ಟೈರಿನ ಗಾಳಿ 18 ಪಿಎಸ್‌ಐಗೆ ಇಳಿಸಿ. ಟಾರು ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಿ, ಇಲ್ಲದಿದ್ದರೆ ಟೈರಿನ ಪಕ್ಕೆ ಕಾದು ಒಡೆಯುತ್ತದೆ. ವಾಪಸು ಬಂದ ದಿನವೇ ಗಾಡಿಯ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ. ಉಪ್ಪು ಚಾಸಿಗೆ (ಗಾಡಿಯ ಅಡಿಚೌಕಟ್ಟಿಗೆ) ತುಕ್ಕು ಹಿಡಿಸುತ್ತದೆ.