ದೂರಿನಲ್ಲಿ ಫೋಟೊಗಿಂತ ಜಾಗ ಮುಖ್ಯ

ಒಡೆದ ನೀರಿನ ಪೈಪ್, ಬಾಯಿ ತೆರೆದ ಮ್ಯಾನ್‌ಹೋಲ್, ಕೆಟ್ಟು ನಿಂತ ಸಿಗ್ನಲ್ ಕಂಡರೆ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಸುಮ್ಮನಾಗುವವರೇ ಹೆಚ್ಚು. ಅಲ್ಲಿ ಚರ್ಚೆ ಬಿಸಿಯೇರುತ್ತದೆ, ಪೈಪ್ ಮಾತ್ರ ಸೋರುತ್ತಲೇ ಇರುತ್ತದೆ. ಇನ್ನೊಂದು ತೊಡಕೂ ಇದೆ: ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಿದರೆ ಚಿತ್ರದೊಳಗಿನ ಜಿಪಿಎಸ್ ವಿವರ, ಅಂದರೆ ಅದನ್ನು ತೆಗೆದ ಜಾಗದ ಗುರುತು, ಅಳಿಸಿಹೋಗುತ್ತದೆ. ಅದನ್ನೇ ಇಳಿಸಿಕೊಂಡು ನಗರಾಡಳಿತದ ದೂರು ಆ್ಯಪ್‌ಗೆ ಹಾಕಿದರೆ ಜಾಗ ಪತ್ತೆಯಾಗುವುದಿಲ್ಲ.

ಆದ್ದರಿಂದ ಮೂಲ ಫೋಟೊವನ್ನೇ ಆ್ಯಪ್‌ಗೆ ಹಾಕಿ, ನಕ್ಷೆಯ ಪಿನ್ನನ್ನು ಕೈಯಾರೆ ಸರಿಪಡಿಸಿ. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ದಾರಿ ತಪ್ಪುತ್ತದೆ. ದುರಸ್ತಿಯವರು ಪಕ್ಕದ ರಸ್ತೆಯಲ್ಲಿ ಹುಡುಕಿ, ಏನೂ ಇಲ್ಲವೆಂದು ದೂರು ಮುಗಿಸಿಬಿಡಬಹುದು. ಹತ್ತಿರದಿಂದ ಒಂದು ಫೋಟೊ, ಕಂಬದ ಸಂಖ್ಯೆಯೋ ನಾಮಫಲಕವೋ ಕಾಣುವಂತೆ ದೂರದಿಂದ ಇನ್ನೊಂದು. ದಾರಿಹೋಕರ ಮುಖ ಬೇಡ.

ಬೇರೆ ಯಾರೋ ಈಗಾಗಲೇ ದೂರು ಕೊಟ್ಟಿದ್ದಾರೆಂದು ಕೈಬಿಡಬೇಡಿ. ಅಮೆರಿಕದ ಬಾಸ್ಟನ್ ನಗರದ ಸ್ಟ್ರೀಟ್ ಬಂಪ್ ಆ್ಯಪ್ ಕಾರಿನಲ್ಲಿಟ್ಟ ಫೋನಿನ ಕುಲುಕಾಟದಿಂದಲೇ ರಸ್ತೆ ಗುಂಡಿ ಗುರುತಿಸಲು ಹೊರಟಾಗ ಮ್ಯಾನ್‌ಹೋಲ್ ಮುಚ್ಚಳಗಳೂ ಗುಂಡಿಗಳಂತೆ ತೋರಿದವು. ಒಂದು ಕುಲುಕನ್ನು ನಂಬಲಾಗದು. ಅದೇ ಜಾಗದಲ್ಲಿ ಹಲವರಿಗೆ ಕುಲುಕಿದರೆ ನೋಡಲೇಬೇಕು. ನಮ್ಮ ದೂರುಗಳಿಗೂ ಇದೇ ಲೆಕ್ಕ. ಹಳೆಯ ದೂರು ಆ್ಯಪ್‌ನಲ್ಲಿ ಕಂಡರೆ ಹೊಸದೊಂದನ್ನು ತೆರೆಯುವ ಬದಲು ಅದಕ್ಕೇ ನಿಮ್ಮ ಫೋಟೊ, ಸಮಯ ಸೇರಿಸಿ.

ಬೆಂಕಿ, ಅಪಘಾತ, ತುಂಡಾಗಿ ಬಿದ್ದ ವಿದ್ಯುತ್ ತಂತಿಗೆ ಈ ಯಾವುದೂ ಅಲ್ಲ. ದೂರ ನಿಂತು ಮೊದಲು ತುರ್ತು ಸಂಖ್ಯೆಗೆ ಕರೆ ಮಾಡಿ.