ಸ್ವೀಡನ್ನಿನಲ್ಲಿ ಪಿಎಚ್.ಡಿ. ಎಂಬ ನೌಕರಿ: ಐಸಿಯು ಮಾತುಕತೆಯ ಸಂಶೋಧನೆಗೆ ಅರ್ಜಿ ಹಾಕುವ ಮುನ್ನ

ಪಿಎಚ್.ಡಿ. ಎಂದರೆ ಮೊದಲು ಒಬ್ಬ ಗೈಡ್ ಒಪ್ಪಬೇಕು, ಬಳಿಕ ನೋಂದಣಿಯಾಗಬೇಕು, ಫೆಲೋಶಿಪ್ ಬಂದರೆ ಬಂತು, ಬಾರದಿದ್ದರೆ ಮನೆಯವರ ಮುಖ ನೋಡಬೇಕು ಎಂಬ ಲೆಕ್ಕದಲ್ಲಿ ಬೆಳೆದ ನಮಗೆ ಸ್ವೀಡನ್ನಿನ ಪದ್ಧತಿ ತಲೆಕೆಳಗಾಗಿ ಕಾಣುತ್ತದೆ. ಇಲ್ಲಿ ವಿಶ್ವವಿದ್ಯಾಲಯವೇ ಮೊದಲು ಹಣವನ್ನು ಹೊಂದಿಸಿಕೊಂಡು, ವಿಷಯದ ಗಡಿಯನ್ನು ಗೊತ್ತುಮಾಡಿ, ಆಮೇಲೆ ಹುದ್ದೆಯ ಜಾಹೀರಾತು ಹೊರಡಿಸುತ್ತದೆ. ಆಯ್ಕೆಯಾದವರನ್ನು ಡೊಕ್ಟೊರಾಂಡ್ ಎಂದು ಕರೆಯುತ್ತಾರೆ. ಅವರು ವಿದ್ಯಾರ್ಥಿಗಳು ಹೌದು, ಆದರೆ ಸಾಮಾನ್ಯವಾಗಿ ಸಂಬಳ, ರಜೆ, ಪಿಂಚಣಿಗಳಿರುವ ನೌಕರರೂ ಹೌದು. ಬೋಧನಾ ಶುಲ್ಕ ಇರುವುದಿಲ್ಲ. ಸಂಬಳವು ಹೆಚ್ಚಿನ ಕಡೆ ತಿಂಗಳಿಗೆ 30,000 ಕ್ರೋನಾ ದಾಟುತ್ತದೆ, ಮತ್ತು ಓದು ಮುಂದುವರಿದಂತೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆದರೆ ಅದು ತೆರಿಗೆ ಕಳೆಯುವ ಮುಂಚಿನ ಮೊತ್ತ ಎಂಬುದನ್ನು ಮರೆತು ಮನೆ ಬಾಡಿಗೆಯ ಲೆಕ್ಕ ಹಾಕಬಾರದು.

ತೀವ್ರ ನಿಗಾ ಘಟಕದಲ್ಲಿ ರೋಗಿಯ ಮನೆಯವರಿಗೂ ಸಿಬ್ಬಂದಿಗೂ ನಡುವೆ ನಡೆಯುವ ಮಾತುಕತೆಯನ್ನು ಅಧ್ಯಯನ ಮಾಡುವ ಹುದ್ದೆಗಳು ಸಾಮಾನ್ಯವಾಗಿ ಶುಶ್ರೂಷಾ ವಿಜ್ಞಾನ ಅಥವಾ ಆರೋಗ್ಯ ವಿಜ್ಞಾನ ವಿಭಾಗಗಳಲ್ಲಿ ಬರುತ್ತವೆ. ಈ ಕ್ಷೇತ್ರ ತೀರಾ ಹೊಸದೇನಲ್ಲ. ಐಸಿಯು ರೋಗಿಗಳ ಬಂಧುಗಳಿಗೆ ಏನು ಬೇಕು ಎಂದು ನ್ಯಾನ್ಸಿ ಮೋಲ್ಟರ್ ಎಂಬ ಅಮೆರಿಕದ ದಾದಿ 1979ರಲ್ಲೇ ನಲವತ್ತು ಜನರನ್ನು ಕೇಳಿ ಪ್ರಕಟಿಸಿದ್ದರು. ಭರವಸೆ ಇದೆ ಎಂದು ಅನ್ನಿಸುವುದೇ ಅವರ ಅಗತ್ಯಗಳ ಪಟ್ಟಿಯಲ್ಲಿ ಮೊದಲನೆಯದಾಗಿತ್ತು. ಫ್ರಾನ್ಸಿನ 22 ಐಸಿಯುಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾವಿನಂಚಿನ ರೋಗಿಗಳ ಮನೆಯವರೊಂದಿಗೆ ಯೋಜಿತವಾಗಿ ಮಾತನಾಡಿದ ಸಭೆಗಳಲ್ಲಿ ಮನೆಯವರು ಸುಮಾರು 14 ನಿಮಿಷ ಮಾತನಾಡಿದ್ದರು. ರೂಢಿಯಂತೆ ನಡೆದ ಸಭೆಗಳಲ್ಲಿ ಅವರಿಗೆ ಸಿಕ್ಕಿದ್ದು ಸುಮಾರು 5 ನಿಮಿಷ. ಮೂರು ತಿಂಗಳ ನಂತರ ಮೊದಲ ಗುಂಪಿನವರಲ್ಲಿ ಆತಂಕ, ಖಿನ್ನತೆಗಳೂ ಕಡಿಮೆ ಇದ್ದವು. ವೈದ್ಯರು ಎಷ್ಟು ಚೆನ್ನಾಗಿ ಹೇಳಿದರು ಎನ್ನುವುದರ ಜೊತೆಗೆ ಎಷ್ಟು ಹೊತ್ತು ಸುಮ್ಮನೆ ಕೇಳಿಸಿಕೊಂಡರು ಎಂಬುದೂ ಇಲ್ಲಿ ಅಳೆಯುವ ಸಂಗತಿ.

ಸ್ವೀಡನ್ನಿನ ಐಸಿಯುವಿಗೆ ಕಾಲಿಡುವ ಮುನ್ನ ಎರಡು ಪದಗಳನ್ನು ಬೇರೆ ಮಾಡಿ ತಿಳಿಯಬೇಕು. ಆನ್‌ಹೋರಿಗ್ ಎಂದರೆ ಕುಟುಂಬದವರು, ಹತ್ತಿರದ ಬಂಧುಗಳು. ನ್ಯಾರ್‌ಸ್ಟೋಎಂದೆ ಎಂದರೆ ರೋಗಿಯು ತನಗೆ ಆಪ್ತರೆಂದು ಎಣಿಸುವ ಯಾರೇ ಆಗಲಿ, ಅದು ಗೆಳತಿಯಾಗಿರಬಹುದು, ಪಕ್ಕದ ಮನೆಯವರೂ ಆಗಿರಬಹುದು. ಸೋದರಮಾವ, ಷಡ್ಡಕ, ಊರಿನ ಹಿರಿಯರು ಎಲ್ಲರೂ ಕಾರಿಡಾರಿನಲ್ಲಿ ಕಾದು ಕುಳಿತಿರುವ ನಮ್ಮ ಆಸ್ಪತ್ರೆಯ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ, ಇಲ್ಲಿ ಎರಡು ಮೂರು ಕುರ್ಚಿಗಳಿರುವ ಪುಟ್ಟ ಕೋಣೆಯೂ ಅದರಲ್ಲಿ ಒಬ್ಬರೇ ಕುಳಿತಿರುವುದೂ ವಿಚಿತ್ರವೆನಿಸುತ್ತದೆ.

ಇದಕ್ಕಿಂತ ದೊಡ್ಡ ವ್ಯತ್ಯಾಸ ತೀರ್ಮಾನದ ಅಧಿಕಾರದಲ್ಲಿದೆ. ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವ ತೀರ್ಮಾನವನ್ನು ಇಲ್ಲಿ ಹೊಣೆ ಹೊತ್ತ ವೈದ್ಯರು ಕನಿಷ್ಠ ಇನ್ನೊಬ್ಬ ನೋಂದಾಯಿತ ವೃತ್ತಿಪರರೊಂದಿಗೆ ಸಮಾಲೋಚಿಸಿ ತೆಗೆದುಕೊಳ್ಳುತ್ತಾರೆ. ಮನೆಯವರ ಸಹಿಗೆ ಅದು ಕಾಯುವುದಿಲ್ಲ. ಆಸ್ಪತ್ರೆಗಳನ್ನು 21 ಪ್ರಾದೇಶಿಕ ಆಡಳಿತಗಳು ತೆರಿಗೆ ಹಣದಿಂದ ನಡೆಸುವುದರಿಂದ ಬಿಲ್ಲಿನ ಮಾತೂ ಆ ಕೋಣೆಗೆ ಬರುವುದಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡಿದ ಯಾವ ದಾದಿಯನ್ನು ಕೇಳಿದರೂ, ನಮ್ಮಲ್ಲಿ ಇಂಥ ಮಾತುಕತೆಯ ಅರ್ಧ ಭಾಗ ಹಣದ ಸುತ್ತಲೇ ತಿರುಗುತ್ತದೆ ಎನ್ನುತ್ತಾರೆ. ಕರ್ನಾಟಕ ಸರ್ಕಾರವು ಘನತೆಯ ಸಾವಿನ ಹಕ್ಕಿನ (ಗುಣವಾಗದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಲು ಬಿಡುವ ಹಕ್ಕಿನ) ಕುರಿತ ಸುಪ್ರೀಂ ಕೋರ್ಟ್ ತೀರ್ಪನ್ನು ಜಾರಿಗೆ ತರಲು 2025ರ ಜನವರಿಯಲ್ಲಿ ಆದೇಶ ಹೊರಡಿಸಿದ್ದನ್ನು ಬಲ್ಲ ಅರ್ಜಿದಾರರು ಈ ಎರಡು ವ್ಯವಸ್ಥೆಗಳ ಅಂತರವನ್ನು ತಮ್ಮ ಪತ್ರದಲ್ಲಿ ಒಂದು ಪ್ಯಾರಾದಲ್ಲಿ ಬರೆದರೆ, ಅದು ಹತ್ತು ಪ್ರಮಾಣಪತ್ರಗಳಿಗಿಂತ ಹೆಚ್ಚು ತೂಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಇನ್ನು ಭಾಷೆ. ಇಂಗ್ಲಿಷಿನಲ್ಲೇ ಪಿಎಚ್.ಡಿ. ಮುಗಿಸಿದ ಎಂಜಿನಿಯರುಗಳ ಮಾತು ನಂಬಿ ಈ ವಿಷಯಕ್ಕೆ ಬಂದರೆ ಎಡವುವುದು ಖಂಡಿತ, ಏಕೆಂದರೆ ಇಲ್ಲಿ ಸಂಶೋಧನೆಯ ಸಾಮಗ್ರಿಯೇ ಮಾತು. ವೈದ್ಯರು ಮನೆಯವರಿಗೆ "ವಿ ಫೋರ್ ಸೇ" ಎನ್ನುತ್ತಾರೆ. ಅದು ನಮ್ಮ "ನೋಡೋಣ" ಇದ್ದಂತೆ. ಮಗಳ ಮದುವೆಗೆ ಬರುತ್ತೀರಾ ಎಂದು ಕೇಳಿದಾಗ "ನೋಡೋಣ" ಎಂದವರು ಬರುತ್ತಾರೋ ಇಲ್ಲವೋ ಎಂಬುದು ನಮಗೆ ಅವರ ಧ್ವನಿಯಿಂದ ತಿಳಿಯುತ್ತದೆ, ಅನುವಾದದಿಂದ ತಿಳಿಯುವುದಿಲ್ಲ. ಹೇಳಿದವರ ಮನಸ್ಸಿನಲ್ಲಿ ಅನುಮಾನ, ಕೇಳಿದವರ ಕಿವಿಯಲ್ಲಿ ಭರವಸೆ, ಈ ಬಿರುಕೇ ಅಧ್ಯಯನದ ವಸ್ತು. ಆದ್ದರಿಂದ ಹಲವು ಜಾಹೀರಾತುಗಳು ಒಳ್ಳೆಯ ಸ್ವೀಡಿಷ್ ಬೇಕೆಂದು ಕೇಳುತ್ತವೆ, ಕೆಲವು ಸ್ವೀಡನ್ನಿನ ದಾದಿ ನೋಂದಣಿಯನ್ನೂ ಕೇಳುತ್ತವೆ. ಆ ನೋಂದಣಿಗೆ ಐರೋಪ್ಯ ಒಕ್ಕೂಟದ ಹೊರಗೆ ಓದಿದವರು ಭಾಷೆಯ ಸಿ1 ಎಂಬ ಮೇಲ್ಮಟ್ಟವನ್ನೂ, ಸಾಮಾನ್ಯವಾಗಿ ವೃತ್ತಿಯ ಜ್ಞಾನ ಪರೀಕ್ಷೆಯನ್ನೂ ದಾಟಬೇಕು. ಇಷ್ಟೆಲ್ಲ ಒಂದೇ ವರ್ಷದಲ್ಲಿ ಆಗುವ ಕೆಲಸವಲ್ಲ.

ಅರ್ಹತೆಯ ಸಾಮಾನ್ಯ ನಿಯಮವು 240 ಕ್ರೆಡಿಟ್‌ಗಳ (ಒಂದು ವರ್ಷದ ಪೂರ್ಣಾವಧಿ ಓದಿಗೆ 60) ಉನ್ನತ ಶಿಕ್ಷಣ, ಅದರಲ್ಲಿ ಕನಿಷ್ಠ 60 ಸ್ನಾತಕೋತ್ತರ ಮಟ್ಟದವು, ಅಥವಾ ಅದಕ್ಕೆ ಸಮಾನವಾದ ವಿದ್ಯೆ. ಎಂ.ಎಸ್ಸಿ. ನರ್ಸಿಂಗ್ ಮಾಡಿದವರಿಗೆ ಇದು ದೊಡ್ಡ ತೊಡಕಾಗಲಾರದು. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮಾತ್ರ ಇದ್ದರೆ ಸಾಲದು.

ಪೂರ್ಣಾವಧಿ ಓದು ನಾಲ್ಕು ವರ್ಷ. ಇದರ ಜೊತೆಗೆ ಕೆಲಸದ ವೇಳೆಯ ಶೇ. 20ರವರೆಗೆ ಬೋಧನೆ ಮೊದಲಾದ ಕೆಲಸ ಸೇರಿದರೆ ಐದು ವರ್ಷವಾಗುತ್ತದೆ. ಮೊದಲ ನೇಮಕಾತಿ ಪತ್ರದಲ್ಲಿ ಒಂದೇ ವರ್ಷ ಎಂದಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ, ನಿಯಮವೇ ಹಾಗಿದೆ. ಆಮೇಲೆ ಒಮ್ಮೆಗೆ ಗರಿಷ್ಠ ಎರಡು ವರ್ಷದಂತೆ ಅದನ್ನು ನವೀಕರಿಸುತ್ತಾರೆ. ಹೆರಿಗೆ, ಮಗುವಿನ ಪಾಲನೆ, ಕಾಯಿಲೆಗಳಿಗೆ ಪಡೆದ ರಜೆಯಷ್ಟು ಅವಧಿ ಮುಂದಕ್ಕೆ ಹೋಗುತ್ತದೆ. ಮಾರ್ಗದರ್ಶಕರು ಕನಿಷ್ಠ ಇಬ್ಬರಿರುತ್ತಾರೆ, ಮತ್ತು ಕೇಳಿದರೆ ಅವರನ್ನು ಬದಲಿಸಿಕೊಳ್ಳುವ ಹಕ್ಕಿದೆ. ಗೈಡ್ ಮುನಿದರೆ ಎಲ್ಲವೂ ಮುಗಿಯಿತು ಎಂದು ಹೆದರಿ ಬದುಕಿದವರು ಈ ಸಾಲನ್ನು ಎರಡು ಸಲ ಓದಿಕೊಳ್ಳಬಹುದು.

ಕ್ಷೇತ್ರಕಾರ್ಯಕ್ಕೆ ಮುನ್ನ ನೈತಿಕ ಪರಿಶೀಲನೆ ಆಗಬೇಕು. 2019ರಿಂದ ಇದನ್ನು ಇಡೀ ದೇಶಕ್ಕೆ ಒಂದೇ ಪ್ರಾಧಿಕಾರ ನೋಡಿಕೊಳ್ಳುತ್ತಿದೆ. ವೆಂಟಿಲೇಟರ್ ಮೇಲಿರುವ ರೋಗಿ ಒಪ್ಪಿಗೆ ಕೊಡಲಾರ. ಆದರೆ ಮನೆಯವರ ಮಾತನ್ನು ಧ್ವನಿಮುದ್ರಿಸಿದಾಗ ಆತನ ಕಾಯಿಲೆಯ ವಿವರವೂ ಅದರಲ್ಲಿ ಸೇರುತ್ತದೆ. ಹೀಗಾಗಿ ಅನುಮತಿಗೆ ತಿಂಗಳುಗಳು ಹಿಡಿದರೆ ಅಚ್ಚರಿಯಿಲ್ಲ.

ಪ್ರಬಂಧವು ಸಾಮಾನ್ಯವಾಗಿ ಕೆಲವು ಲೇಖನಗಳ ಕಟ್ಟು, ಅದರ ಮೇಲೊಂದು ಕಪ್ಪ. ಇದು ಅರಸರಿಗೆ ಒಪ್ಪಿಸುವ ಕಪ್ಪವಲ್ಲ. ಸ್ವೀಡಿಷ್‌ನಲ್ಲಿ ಕಪ್ಪ ಎಂದರೆ ಮೇಲಂಗಿ, ಅಂದರೆ ಲೇಖನಗಳನ್ನೆಲ್ಲ ಹೊದೆಯುವ ಪೀಠಿಕೆ. ಮೌಖಿಕ ಪರೀಕ್ಷೆಗೆ ಸುಮಾರು ಮೂರು ವಾರ ಮುನ್ನ ಪ್ರಬಂಧಕ್ಕೆ ಮೊಳೆ ಹೊಡೆದು ಹಲಗೆಗೆ ತೂಗುಹಾಕುವ ಸಂಪ್ರದಾಯ ಇಂದಿಗೂ ಇದೆ. ಆ ಪರೀಕ್ಷೆ ಸಾರ್ವಜನಿಕ, ಯಾರು ಬೇಕಾದರೂ ಬಂದು ಕೂರಬಹುದು.

ನಿವಾಸ ಪರವಾನಗಿಗೆ ಭಾರತದಿಂದಲೇ ಅರ್ಜಿ ಹಾಕಬೇಕು. ಸಂಗಾತಿ, ಮಕ್ಕಳಿಗೂ ಜೊತೆಯಲ್ಲೇ ಹಾಕಬಹುದು.

ಅರ್ಜಿಯ ಬಗ್ಗೆ ಎರಡು ಮಾತು ಉಳಿದಿವೆ. ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಕಳಿಸಿದ ಅರ್ಜಿ ಸಾರ್ವಜನಿಕ ದಾಖಲೆಯಾಗುತ್ತದೆ, ಬೇರೆ ಅಭ್ಯರ್ಥಿಗಳೂ ಅದನ್ನು ಕೇಳಿ ಪಡೆಯಬಹುದು. ಆದ್ದರಿಂದ ಮನೆಯ ಕಷ್ಟಸುಖ ಅದರಲ್ಲಿ ಬೇಡ. ಜಾಹೀರಾತಿನ ಕೊನೆಯಲ್ಲಿ ವಿಚಾರಿಸಬೇಕಾದವರ ಹೆಸರು, ದೂರವಾಣಿ ಇರುತ್ತವೆ. ಜುಲೈ ತಿಂಗಳೊಂದನ್ನು ಬಿಟ್ಟು (ಆಗ ಇಡೀ ದೇಶವೇ ರಜೆಯಲ್ಲಿರುತ್ತದೆ) ಸಂಕೋಚವಿಲ್ಲದೆ ಕರೆ ಮಾಡಿ, ಸಂದರ್ಶನಗಳು ಯಾವ ಭಾಷೆಯಲ್ಲಿ ನಡೆಯುತ್ತವೆ, ಅವುಗಳನ್ನು ಬರಹಕ್ಕಿಳಿಸುವವರು ಯಾರು, ಸ್ವೀಡಿಷ್ ಕಲಿಯಲು ಕೆಲಸದ ವೇಳೆಯಲ್ಲಿ ಅವಕಾಶವಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.