ಸೆಮಿಸ್ಲಗ್ ಮೊಟ್ಟೆ ಒಡೆಯಲು ಬೇಕಾದದ್ದು ಗಾಳಿ

ದೂರದ ದ್ವೀಪವೊಂದರಲ್ಲಿ ಬೆರಳೆಣಿಕೆಯಷ್ಟೇ ಉಳಿದ ಜೀವಿಯ ಮೇಲೆ ಕೈ ಪಳಗಿಸಿಕೊಳ್ಳಲಾಗದು. ಆಸ್ಟ್ರೇಲಿಯಾಕ್ಕೆ ಸೇರಿದ ನಾರ್ಫೋಕ್ ದ್ವೀಪದ ಅಡ್ವೆನಾ ಕ್ಯಾಂಪ್‌ಬೆಲ್ಲಿ ಎಂಬ ಬಸವನಹುಳು ಅಳಿದೇಹೋಯಿತು ಅಂದುಕೊಂಡಿದ್ದರು. 2020ರಲ್ಲಿ ಮತ್ತೆ ಸಿಕ್ಕಿತು. ಸಿಡ್ನಿಯ ಟರೋಂಗಾ ಮೃಗಾಲಯದಲ್ಲಿ ಮರಿ ಮಾಡಿಸಿ 2025ರಲ್ಲಿ ದ್ವೀಪಕ್ಕೆ ಬಿಟ್ಟರು. ಅಂಥ ಕೆಲಸದ ಅಭ್ಯಾಸಕ್ಕೆಂದು ನಾನು ಆರಿಸಿಕೊಂಡದ್ದು ನಮ್ಮ ಘಟ್ಟದ ಸೆಮಿಸ್ಲಗ್ (ಮೈಯೆಲ್ಲ ಅಡಗಲಾರದಷ್ಟು ಚಿಕ್ಕ ಚಿಪ್ಪಿನ ಬಸವನಹುಳು), ಮೇರಿಯೆಲ್ಲಾ ಡುಸ್ಸುಮಿಯೆರಿ. ಕೇರಳದ ರಬ್ಬರ್ ತೋಟಗಳಲ್ಲಿ ಇದೊಂದು ಪೀಡೆ, ಹಾಗಾಗಿ ಕೊರತೆಯಿಲ್ಲ. ‘ಚಿಪ್ಪೊಳಗೆ ಸೇರಲಾಗದ ಹುಳು, ಜಾಲರಿ ಮುಚ್ಚಳ ಹಾಕಿದರೆ ಒಣಗಿ ಸಾಯುತ್ತದೆ’ ಎಂದವರೇ ಹೆಚ್ಚು. ಈಗ ಮೂರನೇ ತಲೆಮಾರು ಮೊಟ್ಟೆಯಿಟ್ಟಿದೆ.

ಎರಡು ಮಳೆಗಾಲ ಹಾಳಾದದ್ದು ಬಿಗಿ ಮುಚ್ಚಳದಿಂದ. ಹಾಸಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಿಂಡಿದರೆ ನೀರು ತೊಟ್ಟಿಕ್ಕುವಷ್ಟು ಒದ್ದೆ ಇತ್ತು. ಮೊಟ್ಟೆಗೆ ಉಸಿರಾಟ ಸಿಗದೆ ಮಂಕಾಗಿ, ಬೂಷ್ಟು ಹಿಡಿಯಿತು. ನೂರಕ್ಕೆ ಹತ್ತೂ ಒಡೆಯಲಿಲ್ಲ. ನಲ್ಲಿ ನೀರು ಹಾಕುವುದನ್ನೂ ನಿಲ್ಲಿಸಿದೆ, ಈಗ ಮಳೆನೀರು ಮಾತ್ರ.

ಐದು ಲೀಟರ್ ಡಬ್ಬಿ, ಮುಚ್ಚಳದ ಮೂರನೇ ಒಂದು ಭಾಗ ಕತ್ತರಿಸಿ ಸ್ಟೀಲ್ ಜಾಲರಿ ಅಂಟಿಸಬೇಕು. ಸೊಳ್ಳೆಪರದೆ ಬೇಡ, ಮರಿಗಳು ಅಂಚಿನಲ್ಲಿ ನುಸುಳುತ್ತವೆ. ಪಕ್ಕದಲ್ಲೂ ಕೆಳಗೆ ಒಂದು ಕಿಂಡಿ, ಇಲ್ಲದಿದ್ದರೆ ಗಾಳಿ ಹಾಯುವುದಿಲ್ಲ. ಕೊಕೊಪೀಟ್ ಮೂರು ಬೆರಳು ದಪ್ಪ. ಮುಷ್ಟಿಯಲ್ಲಿ ಉಂಡೆ ನಿಲ್ಲಬೇಕು, ಹನಿ ಬೀಳಬಾರದು. ಅರ್ಧ ಡಬ್ಬಿಗೆ ಮಾತ್ರ ಸಂಜೆ ನೀರು ಚಿಮುಕಿಸಿ, ಉಳಿದರ್ಧ ಒಣಗಲಿ. ಎಲ್ಲಿರಬೇಕೆಂಬುದನ್ನು ಹುಳುವೇ ಆರಿಸಿಕೊಳ್ಳುತ್ತದೆ. ಮೊಟ್ಟೆ ಕಂಡ ದಿನವೇ ಚಮಚದಲ್ಲಿ ಎತ್ತಿ ಕೊಳೆತ ಎಲೆ ಹಾಸಿದ ಬೇರೆ ಡಬ್ಬಿಗೆ ಹಾಕುತ್ತೇನೆ, ಸ್ಪ್ರಿಂಗ್‌ಟೇಲ್ ಎಂಬ ಮಣ್ಣಿನ ಪುಟ್ಟ ಜೀವಿಗಳನ್ನು ಅದರೊಳಗೆ ಬಿಟ್ಟರೆ ಅವು ಬೂಷ್ಟು ತಿನ್ನುತ್ತವೆ. ಈಗ ನೂರಕ್ಕೆ ಎಪ್ಪತ್ತರ ಆಸುಪಾಸು ಒಡೆಯುತ್ತವೆ. ಹುಳುಗಳಿಗೆ ಬೇಕಾದ ಸುಣ್ಣಕ್ಕೆ, ಕುದಿಸಿ ಪುಡಿ ಮಾಡಿದ ಕೋಳಿಮೊಟ್ಟೆಯ ಚಿಪ್ಪು ಸಾಕು. ಮರಿಗಳ ಮೊದಲ ವಾರದ ಮೇವು ಮಾತ್ರ ಸದ್ಯ ನನ್ನಲ್ಲೇ ಇರಲಿ.

ಬೇಸಗೆಗೆ ಹಳೇ ಫ್ರಿಜ್ಜಿಗೆ ಥರ್ಮೋಸ್ಟಾಟ್ ಹಾಕಿಸಿದ್ದು ಸುಮಾರು ₹6,000 ದಂಡ. ಒಳಗೆ ಹನಿ ಕಟ್ಟಿ ಮತ್ತೆ ಅದೇ ಬೂಷ್ಟು. ಗೆದ್ದದ್ದು ₹300ರ ಮಣ್ಣಿನ ಮಡಕೆಗಳು: ದೊಡ್ಡದರೊಳಗೆ ಚಿಕ್ಕದಿಟ್ಟು, ನಡುವೆ ಒದ್ದೆ ಮರಳು, ಒಳಗೆ ಡಬ್ಬಿ. ಹೊರಗಿಗಿಂತ ಮೂರು ನಾಲ್ಕು ಡಿಗ್ರಿ ಕಡಿಮೆ. ಗಾಳಿಯಾಡುವ ಜಗುಲಿಯಲ್ಲಿಡಿ, ಮುಚ್ಚಿದ ಕೋಣೆಯಲ್ಲಿ ತಣಿಯುವುದಿಲ್ಲ.

ಪಾಚಿ ಹಿಡಿದ ಅಡಿಕೆಮರದ ಸಿಪ್ಪೆಯನ್ನೂ ಹಾಕಿ ನೋಡಿದೆ. ಸೌತೆಕಾಯಿಗಿಂತ ಅದನ್ನೇ ಹೆಚ್ಚು ಕೆರೆದು ತಿಂದವು, ಆದರೆ ಸಿಪ್ಪೆಯ ಜೊತೆ ನುಸಿಯೂ ಬಂತು. ಇನ್ನು ಮುಂದೆ ಎರಡು ದಿನ ಫ್ರೀಜರ್‌ನಲ್ಲಿಟ್ಟು ತೆಗೆದದ್ದನ್ನೇ ಹಾಕುವುದು.